ಜಪಾನಿನ ಕಾರನ್ನು ನಾನು ಎರಡು ಇಂಚು ತಗ್ಗಿಸಿದ್ದು

ನಾನು ಅಳತೆಯ ಮನುಷ್ಯ. ವಿಮಾನ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಹದಿನೆಂಟು ವರ್ಷ ಕೂತು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ ಬಿಡಿಭಾಗಗಳಿಗೂ ಕೆಂಪು ಬಣ್ಣ ಬಳಿದು ವಾಪಸ್ಸು ಕಳಿಸಿದವನು. ಆಕಾಶದಲ್ಲಿ ಹಾರುವುದನ್ನೇ ಸರಿಯಿದೆ, ಸರಿಯಿಲ್ಲ ಎಂದು ತೀರ್ಮಾನಿಸುವವನಿಗೆ ನೆಲದ ಮೇಲೆ ಓಡುವ ಒಂದು ಕಾರು ಯಾವ ಲೆಕ್ಕ? ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ನಲವತ್ತೆರಡು ವರ್ಷವಾಗಿದ್ದಾಗ, ನಾನು ಹೀಗೇ ಯೋಚಿಸಿದ್ದೆ. ಆಗ ನನ್ನ ಬಳಿ ಇದ್ದದ್ದು ಒಂದು ಸ್ಕೂಟರು. ಅದೂ ಓರೆಯಾಗಿ ವಾಲಿಸಿದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು.

ಒಂದು ಭಾನುವಾರ ಕಾಕ್ಸ್ ಟೌನಿನ ಬೇಕರಿಯೊಂದಕ್ಕೆ ಬ್ರೆಡ್ಡು ತರಲು ಹೋದಾಗ ಬಾಗಿಲಿಗೆ ಅಂಟಿಸಿದ್ದ ಚೀಟಿ ಕಂಡಿತು. ‘ಜಪಾನಿನ ಸ್ಪೋರ್ಟ್ಸ್ ಕಾರು ಕೊಡುವುದಿದೆ. ಒಳ್ಳೆಯವರಿಗೆ ಮಾತ್ರ.’ ನಾನು ಒಳ್ಳೆಯವನೇ ಅಲ್ಲವೇ ಎಂದುಕೊಂಡು ವಿಳಾಸ ಹುಡುಕಿಕೊಂಡು ಹೋದೆ.

ಹಂಚಿನ ಮನೆಯೊಂದರ ವರಾಂಡದಲ್ಲಿ ಲೋಬೋ ಎಂಬ ಹಿರಿಯರು ಕೋಲು ಹಿಡಿದು ಕೂತಿದ್ದರು. ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು. ಕೆಲಸ ಬಿಟ್ಟು ಊರಿಗೆ ಮರಳುವಾಗ ಜಪಾನಿನ ಬಂದರೊಂದರಲ್ಲಿ ಕೊಂಡ ಕಾರನ್ನು ಹಡಗಿನಲ್ಲೇ ತಂದಿದ್ದರು. ಅಂಗಳದ ಮಾವಿನ ಮರದ ಕೆಳಗೆ ಅವರು ಟಾರ್ಪಾಲು ಎತ್ತಿ ತೋರಿಸಿದರು. ಕೆಂಪು ಬಣ್ಣ, ಎರಡೇ ಬಾಗಿಲು, ಮೊಸಳೆಯ ಹಾಗೆ ನೆಲಕ್ಕಂಟಿದ ಮೈ. ಮುಂದಿನ ದೀಪಗಳು ರೆಪ್ಪೆ ಮುಚ್ಚಿ ಮಲಗಿದ್ದವು. ಸ್ವಿಚ್ಚು ಒತ್ತಿದರೆ ಮೇಲೆದ್ದು ಕಣ್ಣು ಬಿಡುತ್ತವಂತೆ. ಹಿಂದಿನ ಸೀಟಿನಲ್ಲಿ ಬೆಕ್ಕು ಮೂರು ಮರಿ ಹಾಕಿತ್ತು.

“ಬಂದೋರೆಲ್ಲಾ ಎಂಜಿನ್ ಬಿಚ್ಕೊಂಡು ಹೋಗಕ್ಕೆ ಬರ್ತಾರೆ, ಮ್ಯಾನ್. ನೀನು ಏನ್ ಮಾಡ್ತೀಯ?” ಎಂದು ಲೋಬೋ ಕೇಳಿದರು.

“ಓಡಿಸ್ತೀನಿ ಸರ್.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೇರೆ ಪ್ರಶ್ನೆ ಕೇಳಲಿಲ್ಲ. ಒಂದೇ ಷರತ್ತು ಹಾಕಿದರು. ಕಾರು ರೆಡಿಯಾದ ಮೇಲೆ ತಮ್ಮನ್ನು ಒಂದು ಸಲ ಹಲಸೂರು ಕೆರೆಯವರೆಗೆ ಕರೆದುಕೊಂಡು ಹೋಗಬೇಕು. ಹೆಂಡತಿ ಐರೀನ್ ಇದ್ದಾಗ ಪ್ರತಿ ಭಾನುವಾರ ಸಂಜೆ ಇಬ್ಬರೂ ಅಲ್ಲಿಗೆ ಹೋಗುತ್ತಿದ್ದರಂತೆ. ಆಕೆ ತೀರಿಕೊಂಡ ಮೇಲೆ ಇವರ ಮಂಡಿಯೂ ಕೈಕೊಟ್ಟಿತು. ಅಷ್ಟು ತಗ್ಗಿನ ಕಾರಿಗೆ ಒಬ್ಬರೇ ಹತ್ತಿ ಇಳಿಯುವುದು ಆಗುತ್ತಿರಲಿಲ್ಲ.

“ಒಂದೇ ತಿಂಗಳು ಸರ್” ಎಂದೆ.

ಮನೆಯಲ್ಲಿ ಈ ಸುದ್ದಿ ಹೇಳಿದಾಗ ನನ್ನ ಹೆಂಡತಿ ಸರಳ ಅಕ್ಕಿ ಆರಿಸುತ್ತಿದ್ದಳು. ಆಕೆ ಇನ್ಶೂರೆನ್ಸ್ ಆಫೀಸಿನಲ್ಲಿ ಅಪಘಾತದ ಅರ್ಜಿಗಳನ್ನು ನೋಡುವ ವಿಭಾಗದಲ್ಲಿದ್ದಳು. ಹೀಗಾಗಿ ಮನುಷ್ಯರ ಬಗ್ಗೆ ಆಕೆಗೆ ಅಷ್ಟಾಗಿ ಭರವಸೆಯಿರಲಿಲ್ಲ.

“ನಾವು ಮನೇಲಿ ಎಷ್ಟು ಜನ?” ಎಂದು ಕೇಳಿದಳು.

“ಅಮ್ಮನೂ ಸೇರಿ ಐದು.”

“ಅದಕ್ಕೆ ಎಷ್ಟು ಬಾಗ್ಲು?”

“ಎರಡು. ಆದ್ರೆ ಹಿಂದೆ ಒಂದು ಸೀಟಿದೆ.”

“ಯಾರು ಕೂರ್ಬಹುದು ಅದ್ರಲ್ಲಿ?”

ನಾನು ಬೆಕ್ಕಿನ ವಿಷಯ ಹೇಳಲಿಲ್ಲ.

ಕಾರನ್ನು ಟೆಂಪೋಗೆ ಹಗ್ಗದಿಂದ ಕಟ್ಟಿ ಹೊಸ ತಿಪ್ಪಸಂದ್ರಕ್ಕೆ ಎಳೆಸಿಕೊಂಡು ಬಂದೆ. ಸ್ಟೀರಿಂಗ್ ಹಿಡಿದು ರಾಜನಂತೆ ಕೂತಿದ್ದೆ. ಹಲಸೂರು ದಾಟುವಾಗ ಯಾವ ಸ್ವಿಚ್ಚಿಗೆ ಕೈ ತಾಗಿತೋ, ಬಲಗಡೆಯ ದೀಪ ಒಂದೇ ಎದ್ದು ನಿಂತಿತು. ಮತ್ತೆ ಮಲಗಿತು. ಮತ್ತೆ ಎದ್ದಿತು. ದಾರಿಯುದ್ದಕ್ಕೂ ಬಸ್ ಸ್ಟಾಪಿನಲ್ಲಿ ನಿಂತ ಹೆಂಗಸರಿಗೆಲ್ಲ ಕಣ್ಣು ಹೊಡೆಯುತ್ತ, ಕಾರ್ಖಾನೆಯಲ್ಲಿ ಮರ್ಯಾದಸ್ಥನೆನಿಸಿಕೊಂಡಿದ್ದ ನಾನು ಮನೆ ಸೇರಿದೆ.

ರಿಪೇರಿಗೆ ಸಿಕ್ಕಿದವರು ಜಬ್ಬಾರ್ ಉಸ್ತಾದ್. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರ ಗ್ಯಾರೇಜು. ಮಾತು ಕಡಿಮೆ. ಎಂಜಿನ್ನಿನ ಮೇಲೆ ಕೈಯಿಟ್ಟು, ನಾಡಿ ನೋಡುವ ವೈದ್ಯರ ಹಾಗೆ ಕಣ್ಣು ಮುಚ್ಚುತ್ತಿದ್ದರು. ಇಲಿ ಕಡಿದಿದ್ದ ವೈರುಗಳನ್ನು ಬದಲಾಯಿಸಿ, ಪೆಟ್ರೋಲ್ ಟ್ಯಾಂಕು ತೊಳೆದು, ಮೂರನೇ ವಾರಕ್ಕೆ ಕಾರನ್ನು ಸ್ಟಾರ್ಟ್ ಮಾಡಿಯೇಬಿಟ್ಟರು. ಆ ಎಂಜಿನ್ನಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ತಂಬೂರಿ ಶ್ರುತಿ ಹಿಡಿದ ಹಾಗಿತ್ತು. ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ಕೈಯಲ್ಲಿ ಚಹಾದ ಲೋಟ ಹಿಡಿದು ಬಂದು ಸುಮ್ಮನೆ ನಿಂತು ಕೇಳಿದರು.

“ಗಾಡಿ ಮಸ್ತಾಗೈತೆ ಸಾಬ್. ಇನ್ನೇನೂ ಮಾಡ್ಬೇಡಿ, ತಗೊಂಡೋಗಿ ಓಡ್ಸಿ” ಎಂದರು ಉಸ್ತಾದ್.

ಅಂದೇ ನೇರವಾಗಿ ಕಾಕ್ಸ್ ಟೌನಿಗೆ ಹೋಗಿ ಲೋಬೋ ಅವರನ್ನು ಕೂರಿಸಿಕೊಂಡಿದ್ದರೆ ನಾನು ಕೊಟ್ಟ ಮಾತೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಅಷ್ಟರಲ್ಲಿ ಫುಟ್‌ಪಾತಿನ ಹಳೇ ಪುಸ್ತಕದಂಗಡಿಯಲ್ಲಿ ಒಂದು ವಿದೇಶಿ ಕಾರು ಪತ್ರಿಕೆ ನನ್ನ ಕೈಗೆ ಸಿಕ್ಕಿತ್ತು. ಅದರಲ್ಲಿದ್ದ ಕಾರುಗಳೆಲ್ಲ ನೆಲಕ್ಕೆ ಇನ್ನೂ ಹತ್ತಿರವಾಗಿದ್ದವು. ಹಿಂದೆ ರೆಕ್ಕೆಗಳಿದ್ದವು. ಅವುಗಳ ಮುಂದೆ ನನ್ನ ಕಾರು ಎತ್ತಿನ ಗಾಡಿಯಂತೆ ಎತ್ತರವಾಗಿ ಕಾಣತೊಡಗಿತು.

“ಉಸ್ತಾದ್, ಎರಡು ಇಂಚು ತಗ್ಗಿಸ್ಬೇಕು” ಎಂದೆ.

“ಯಾಕೆ ಸಾಬ್?”

ನಾನು ಗುರುತ್ವ ಕೇಂದ್ರದ ಬಗ್ಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಅವರು ಬೀಡಿ ಆರಿಸಿ, “ಅವ್ರ ದೇಶ್ದಾಗೆ ಹಂಪ್ ಇಲ್ಲ ಸಾಬ್. ನಮ್ದ್ರಾಗೆ ಬರೀ ಹಂಪೇ. ಗಾಡಿ ಅದ್ರ ಮೇಲೆ ಕುಂತ್ಬಿಡ್ತದೆ” ಎಂದರು. ನಾನು ಜೇಬಿನಿಂದ ಸೀಮೆಸುಣ್ಣ ತೆಗೆದು ನಾಲ್ಕೂ ಸ್ಪ್ರಿಂಗುಗಳ ಮೇಲೆ ಗುರುತು ಹಾಕಿದೆ. ಅವರು ನಿಟ್ಟುಸಿರು ಬಿಟ್ಟು ಕತ್ತರಿಸಿದರು.

ಆಮೇಲೆ ರೆಕ್ಕೆ. ನಾನೇ ನಕ್ಷೆ ಬರೆದೆ. ಪಾತ್ರೆ ಮಾಡುವವರೊಬ್ಬರು ಅಲ್ಯೂಮಿನಿಯಂ ತಗಡಿನಲ್ಲಿ ತಯಾರಿಸಿಕೊಟ್ಟರು. ಕಾರಿನ ಹಿಂಭಾಗಕ್ಕೆ ಜೋಡಿಸಿ, ಸರಳಳನ್ನು ಕರೆದು ತೋರಿಸಿದೆ. ಆಕೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಎತ್ತರ ಸರಿಯಾಗಿದೆ” ಎಂದಳು. ನಾನು ಹಿಗ್ಗಿದೆ. ಮರುದಿನ ಬೆಳಿಗ್ಗೆ ನೋಡಿದರೆ ರೆಕ್ಕೆಯ ಮೇಲೆ ಅಮ್ಮನ ಎರಡು ಸೀರೆ, ನನ್ನದೊಂದು ಟವಲು ಒಣಗುತ್ತಿದ್ದವು.

ಆಮೇಲೆ ಅಗಲದ ಟೈರುಗಳು. ಅವನ್ನು ಹಾಕಿದ ಮೇಲೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ನಮ್ಮ ರಸ್ತೆಯ ತಿರುವಿಗೆ ಮೂರು ಸಲ ಹಿಂದೆ ಮುಂದೆ ಮಾಡಬೇಕಾಯಿತು. ಈ ಮಧ್ಯೆ, ಕಾರಿನ ಜೊತೆ ಲೋಬೋ ಕೊಟ್ಟಿದ್ದ ಜಪಾನಿ ಭಾಷೆಯ ಕೈಪಿಡಿಯನ್ನು ಓದಿಯೇ ತೀರಬೇಕೆಂಬ ಹುಮ್ಮಸ್ಸಿನಲ್ಲಿ ಇಂದಿರಾನಗರದಲ್ಲಿ ಸಂಜೆಯ ಜಪಾನಿ ತರಗತಿಗೆ ಸೇರಿದೆ. ಮೂರು ತಿಂಗಳಲ್ಲಿ ‘ಇದು ಪೆನ್ನು, ಅದು ಕುರ್ಚಿ’ ಎಂದು ನಿರರ್ಗಳವಾಗಿ ಹೇಳುವಷ್ಟು ಕಲಿತೆ. ಕೈಪಿಡಿಯಲ್ಲಿ ಪೆನ್ನಿನ ಪ್ರಸ್ತಾಪವೇ ಇರಲಿಲ್ಲ. ಕೊನೆಗೆ ಕೆಂಪು ತ್ರಿಕೋನದ ಗುರುತಿದ್ದ ಒಂದು ಪುಟವನ್ನು ಟೀಚರ್ ಮುಂದೆ ಹಿಡಿದೆ.

ಅವರು ಕನ್ನಡಕ ಏರಿಸಿ ಓದಿದರು. “ಸ್ಪ್ರಿಂಗ್‌ಗಳನ್ನ ಯಾವ ಕಾರಣಕ್ಕೂ ಕತ್ತರಿಸ್ಬಾರ್ದು ಅಂತ ಬರ್ದಿದೆ. ಯಾಕೆ, ಕತ್ತರಿಸ್ಬೇಕು ಅಂತಿದ್ರಾ?”

“ಇಲ್ಲ ಮೇಡಂ. ಸುಮ್ನೆ ಭಾಷೆ ಮೇಲಿನ ಆಸಕ್ತಿ” ಎಂದೆ.

ಇಷ್ಟೆಲ್ಲ ನಡೆಯುವಾಗ ಲೋಬೋ ಅವರಿಂದ ತಿಂಗಳಿಗೊಂದು ಫೋನು ಬರುತ್ತಿತ್ತು. “ಮೂರ್ತಿ, ರೆಡಿಯಾ?” ಎಂದು ಕೇಳುತ್ತಿದ್ದರು. “ಇನ್ನೊಂದೇ ಸಣ್ಣ ಕೆಲ್ಸ ಸರ್” ಎನ್ನುತ್ತಿದ್ದೆ. ಹೀಗೆ ಹೇಳುತ್ತಲೇ ಒಂದೂವರೆ ವರ್ಷ ಕಳೆಯಿತು. ಒಂದು ದಿನ ಫೋನಿನಲ್ಲಿ ಅವರು ಆ ಪ್ರಶ್ನೆಯನ್ನು ಕೇಳಲಿಲ್ಲ. ಮನೆ ಕೊಟ್ಟಾಯಿತು, ಅಲ್ಲಿ ಫ್ಲಾಟು ಕಟ್ಟುತ್ತಾರೆ, ಮುಂದಿನ ವಾರ ಮಂಗಳೂರಿಗೆ ತಂಗಿಯ ಬಳಿಗೆ ಹೊರಡುತ್ತಿದ್ದೇನೆ ಎಂದರು. “ಪರ್ವಾಗಿಲ್ಲ ಮೂರ್ತಿ. ಕಾರು ಒಂದು ಒಳ್ಳೇ ಮನೇಲಿದೆ, ಸಾಕು.”

ಫೋನಿಟ್ಟೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ರೆಕ್ಕೆ ಕಟ್ಟಲು ಪುರುಸೊತ್ತಿತ್ತು, ಒಬ್ಬ ಮುದುಕನನ್ನು ಎರಡು ಮೈಲಿ ಕರೆದೊಯ್ಯಲು ಇರಲಿಲ್ಲ.

ಮತ್ತೆ ಫೋನು ಮಾಡಿ ಭಾನುವಾರಕ್ಕೆ ದಿನ ಗೊತ್ತುಮಾಡಿದೆ. ಈ ಸಲ ಎಲ್ಲೂ ತಪ್ಪಬಾರದೆಂದು ನಾನು ಟೇಪು ಹಿಡಿದುಕೊಂಡು ಹೋಗಿ ಕಾಕ್ಸ್ ಟೌನಿನಿಂದ ಕೆರೆಯವರೆಗಿನ ಪ್ರತಿಯೊಂದು ಹಂಪನ್ನೂ ಅಳೆದೆ. ಕಾರಿನ ಹೊಟ್ಟೆಯಿಂದ ನೆಲಕ್ಕಿರುವ ಅಂತರವನ್ನೂ ಅಳೆದೆ. ಎತ್ತರದ ಹಂಪುಗಳನ್ನು ತಪ್ಪಿಸುವ ದಾರಿಯ ನಕ್ಷೆ ಮಾಡಿದೆ. ಒಬ್ಬನೇ ಹೋಗಿ ಪರೀಕ್ಷೆಯನ್ನೂ ಮಾಡಿ ಬಂದೆ. ಎಲ್ಲೂ ತಾಗಲಿಲ್ಲ.

“ನಾನು ಆಟೋದಲ್ಲಿ ಹಿಂದೆ ಬರ್ತೀನಿ” ಎಂದಳು ಸರಳ.

“ಯಾಕೆ?”

“ಯಾರಾದ್ರೂ ಬೇಕಾಗ್ತಾರೆ.”

ಲೋಬೋ ಸೂಟು ತೊಟ್ಟು, ತಲೆಗೆ ಹ್ಯಾಟಿಟ್ಟು ಗೇಟಿನ ಬಳಿ ಕಾಯುತ್ತಿದ್ದರು. ಕಾರನ್ನು ನೋಡಿ, ರೆಕ್ಕೆಯನ್ನು ಕೋಲಿನಿಂದ ಮೆಲ್ಲಗೆ ತಟ್ಟಿ, “ಇದೇನ್ ಮ್ಯಾನ್, ಬಟ್ಟೆ ಒಣಗ್ಸಕ್ಕಾ?” ಎಂದರು. ಆಟೋದಲ್ಲಿದ್ದ ಸರಳ ಬೇರೆ ಕಡೆ ಮುಖ ತಿರುಗಿಸಿದಳು. ಅವರು ಒಳಗೆ ಕೂರುವುದು ಕಷ್ಟವೇನೂ ಆಗಲಿಲ್ಲ. ಬಾಗಿಲು ಹಿಡಿದು ಹಿಂದಕ್ಕೆ ವಾಲಿದರು, ಉಳಿದದ್ದನ್ನು ಭೂಮಿಯೇ ನೋಡಿಕೊಂಡಿತು.

ಎಂಜಿನ್ ಶ್ರುತಿ ಹಿಡಿಯಿತು. ಅವರು ಕಣ್ಣು ಮುಚ್ಚಿಕೊಂಡರು. ಮೊದಲನೇ ಹಂಪಿನಲ್ಲಿ ಕೆಳಗಿನಿಂದ ‘ಕರ್ರ್’ ಎಂಬ ಸದ್ದು ಬಂತು. ಅದು ಬರಬಾರದಾಗಿತ್ತು. ಎರಡನೆಯದರಲ್ಲಿ ಸದ್ದು ಇನ್ನೂ ಜೋರಾಯಿತು. ಕೆರೆ ಕಣ್ಣಿಗೆ ಬೀಳುವ ತಿರುವಿನ ಹಂಪಿನ ಮೇಲೆ ಕಾರು ಏರಿತು, ಕೂತಿತು, ಮತ್ತೆ ಏಳಲಿಲ್ಲ. ಚಕ್ರಗಳು ಇದ್ದಲ್ಲೇ ತಿರುಗಿದವು. ಆಗ ನನಗೆ ತಪ್ಪು ಹೊಳೆಯಿತು. ನಾನು ಅಂತರ ಅಳೆದಾಗ ಕಾರಿನಲ್ಲಿ ಯಾರೂ ಇರಲಿಲ್ಲ. ಪರೀಕ್ಷೆಗೆ ಹೋದಾಗ ಇದ್ದವನು ನಾನೊಬ್ಬ. ಲೋಬೋ ಅವರಿಗೂ ತೂಕವಿದೆ ಎಂಬುದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹಿಂದೆ ಸಿಟಿ ಬಸ್ಸೊಂದು ನಿಂತಿತು. ಅದರ ಹಿಂದೆ ಇನ್ನೊಂದು. ಹೂವಿನ ಅಂಗಡಿಯ ಹೆಂಗಸು ಎದ್ದು ಬಂದು, “ಅಯ್ಯೋ, ಗಾಡಿ ಕುಂತೇಬಿಡ್ತಲ್ಲಪ್ಪಾ” ಎಂದಳು.

ಬಸ್ಸಿನ ಕಂಡಕ್ಟರು ಬಗ್ಗಿ ಕಿಟಕಿಯಲ್ಲಿ ಇಣುಕಿ, “ಇಳೀರಿ ಸಾರ್ ಇಬ್ರೂ, ಹಗುರ ಆಗುತ್ತೆ” ಎಂದ.

ನಾನು ಇಳಿದೆ. ಲೋಬೋ ಅವರಿಗೆ ಆಗಲಿಲ್ಲ. ನಾನು ಒಂದು ಕೈ ಹಿಡಿದೆ, ಕಂಡಕ್ಟರು ಇನ್ನೊಂದು ಕೈ ಹಿಡಿದ. ಅವರು ಅರ್ಧ ಎದ್ದರು, ಮಂಡಿ ನೋವಿಗೆ ಮುಖ ಕಿವುಚಿಕೊಂಡು ಮತ್ತೆ ಕೂತುಬಿಟ್ಟರು. ಎರಡು ಇಂಚಿನ ಬೆಲೆ ಏನೆಂದು ನನಗೆ ಆ ಮುಖದಲ್ಲಿ ಕಂಡಿತು.

“ಬಿಡು ಮೂರ್ತಿ. ನಂಗೆ ಇಲ್ಲೇ ಚೆನ್ನಾಗಿದೆ” ಎಂದರು.

ಕೊನೆಗೆ ಬಸ್ಸಿನಿಂದ ಎಂಟು ಜನ ಇಳಿದು ಬಂದರು. ಲೋಬೋ ಒಳಗಿದ್ದಂತೆಯೇ ಕಾರನ್ನು ಎತ್ತಿ, ಉತ್ಸವಮೂರ್ತಿಯ ಪಲ್ಲಕ್ಕಿಯ ಹಾಗೆ ಹಂಪು ದಾಟಿಸಿದರು. ಆ ಕಾರು ನನ್ನ ಕೈಗೆ ಬಂದ ಮೇಲೆ ಅಷ್ಟು ನಯವಾಗಿ ಸಾಗಿದ್ದು ಆ ಆರಡಿ ದೂರ ಮಾತ್ರ. ಹಿಂದೆ ಹಿಡಿದಿದ್ದವನ ಕೈಗೆ ರೆಕ್ಕೆ ಕಿತ್ತು ಬಂತು. ಆತ ಬಹಳ ಸಂಕೋಚದಿಂದ ಅದನ್ನು ನನಗೆ ಕೊಟ್ಟ. ಸರಳ ಅದನ್ನು ಇಸಿದುಕೊಂಡು ಆಟೋದಲ್ಲಿಟ್ಟಳು.

ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸಿದೆ. ಹೇಗೂ ಇಳಿಯುವ ಹಾಗಿರಲಿಲ್ಲ. ಇಬ್ಬರೂ ಒಳಗೇ ಕೂತು ನೀರು ನೋಡಿದೆವು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಲೋಬೋ ಅವರ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಹೆದರಿ ತಿರುಗಿದರೆ, ನಗುತ್ತಿದ್ದರು.

“ಈ ಎಡಗಡೆ ಸೀಟು ಐರೀನ್‌ದು. ನಾನು ಯಾವತ್ತೂ ಇಲ್ಲಿ ಕೂತಿರ್ಲಿಲ್ಲ” ಎಂದರು. “ದಾರಿ ಪೂರ್ತಿ ಕೂಗ್ತಿದ್ಳು, ಮೆಲ್ಲಗೆ ಹೋಗಿ, ಮೆಲ್ಲಗೆ ಹೋಗಿ ಅಂತ. ಸುಮ್ನೆ ಹೆದರ್ತೀಯ ಅಂತ ಬೈತಿದ್ದೆ.” ಹ್ಯಾಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಇಲ್ಲಿಂದ ನೋಡಿದ್ರೆ ಎಲ್ಲಾ ಬಸ್ಸೂ ನಮ್ಮ ಮೇಲೇ ಬರುತ್ತೆ, ಮ್ಯಾನ್. ಪಾಪ, ಅವ್ಳು ಪ್ರತೀ ಭಾನುವಾರ ಬಂದ್ಳು.”

ನಾನು ಕಾರನ್ನು ಮೆಲ್ಲಗೆ ತಿರುಗಿಸಿ, ಆ ಹಂಪು ತಪ್ಪಿಸುವ ಸುತ್ತು ದಾರಿ ಹಿಡಿದೆ.

ವಾಪಸ್ಸು ಕಾಕ್ಸ್ ಟೌನಿಗೆ ಬಂದಾಗ ಅವರನ್ನು ಹೊರಗೆ ತೆಗೆಯುವ ಸಮಸ್ಯೆ ಹಾಗೇ ಇತ್ತು. ನಾನು ಜಾಕು, ಹಗ್ಗ, ಹಲಗೆ ಎಂದೆಲ್ಲ ಯೋಚಿಸುತ್ತಿದ್ದೆ. ಸರಳ ಆಟೋ ಇಳಿದು ಬಂದು ಗೇಟಿನ ಮುಂದಿದ್ದ ಮಳೆನೀರಿನ ಒಣ ಚರಂಡಿಯನ್ನು ನೋಡಿದಳು.

“ರೀ, ಕಾರನ್ನ ಇದರ ಅಂಚಿಗೆ ಹಚ್ಚಿ ನಿಲ್ಸಿ. ಕಾಲು ಕೆಳಗೆ ಇಳಿಬಿಟ್ರೆ ಕುರ್ಚಿಯಿಂದ ಎದ್ದ ಹಾಗೆ ಏಳ್ತಾರೆ.”

ಹಾಗೇ ಆಯಿತು. ಲೋಬೋ ಎರಡೂ ಕಾಲನ್ನು ಚರಂಡಿಗೆ ಬಿಟ್ಟು ಸಲೀಸಾಗಿ ಎದ್ದು ನಿಂತರು. ಸೂಟು, ಹ್ಯಾಟು ಸಮೇತ ಚರಂಡಿಯಲ್ಲೇ ನಿಂತು ಮೊದಲು ಸರಳಳ ಕೈ ಕುಲುಕಿದರು, ಆಮೇಲೆ ನನ್ನದು. ಮೂರನೆಯ ದಿನ ಊರು ಬಿಟ್ಟರು.

ಸ್ಪ್ರಿಂಗು ಮತ್ತೆ ಜೋಡಿಸಿಕೊಡಿ ಎಂದು ಉಸ್ತಾದರ ಬಳಿ ಹೋದೆ. “ಕತ್ತರ್ಸಿದ್ದು ಬೆಳೆಯಲ್ಲ ಸಾಬ್” ಎಂದರು. ಮುಂದೆ ನಾಲ್ಕು ವರ್ಷ ಕಾರು ನಮ್ಮ ಅಂಗಳದಲ್ಲಿಯೇ ಇತ್ತು. ಆಗಾಗ ಸ್ಟಾರ್ಟ್ ಮಾಡಿ ಆ ಸದ್ದು ಕೇಳಿ, ನಿಲ್ಲಿಸಿ ಒಳಗೆ ಬರುತ್ತಿದ್ದೆ. ಕೊನೆಗೆ ಇಂಥ ಹಳೆಯ ಜಪಾನಿ ಕಾರುಗಳನ್ನು ಕೂಡಿಡುವ ಇಂದಿರಾನಗರದ ಒಬ್ಬ ತರುಣ ನೋಡಲು ಬಂದ. ಪ್ಯಾಂಟು ಕೊಳೆಯಾಗುವುದನ್ನೂ ಲೆಕ್ಕಿಸದೆ ಕಾರಿನ ಕೆಳಗೆ ತೂರಿ ಹತ್ತು ನಿಮಿಷ ಟಾರ್ಚು ಬಿಟ್ಟು ನೋಡಿದ. ಹೊರಗೆ ಬಂದಾಗ ಅವನ ಮುಖ ಸಪ್ಪಗಾಗಿತ್ತು.

“ಸರ್, ಯಾರೋ ಕಟುಕ ಇದರ ಸ್ಪ್ರಿಂಗ್ ಕತ್ತರ್ಸಿದಾನೆ. ಯಾರು ಅಂತ ಗೊತ್ತಾ?”

ನಾನು ಮಾವಿನಕಾಯಿ ಎಣಿಸುವವನಂತೆ ಪಕ್ಕದ ಮನೆಯ ಮರವನ್ನು ನೋಡಿದೆ. “ಯಾರೋ ಹಳಬರಿರ್ಬೇಕು” ಎಂದೆ.

ಕಾಫಿ ತಂದ ಸರಳ ಲೋಟವನ್ನು ಅವನ ಕೈಗೆ ಕೊಡುತ್ತಾ, “ಇವರೇ” ಎಂದಳು.

ಆ ತರುಣ ನನ್ನನ್ನು ಬಹಳ ಹೊತ್ತು ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವನು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಆಸ್ಪತ್ರೆಯಲ್ಲಿ ಸಮಾಧಾನ ಹೇಳುವ ದನಿಯಲ್ಲಿ, “ಪರ್ವಾಗಿಲ್ಲ ಅಂಕಲ್. ನಾನು ಸರಿ ಮಾಡ್ಕೋತೀನಿ” ಎಂದ.

ಮನೆಗೆ ಬಂದಾಗಿನಿಂದ ಅವನು ನನ್ನನ್ನು ಸರ್ ಎನ್ನುತ್ತಿದ್ದ. ಎರಡು ಬಾಗಿಲಿನ ಕೆಂಪು ಕಾರಿನ ಒಡೆಯನನ್ನು ಯಾರಾದರೂ ಅಂಕಲ್ ಎನ್ನಬಹುದೆಂದು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ.