ಮಾವನಿಗೆಂದು ನೇಯ್ದ ಸಮುದ್ರ

ಮನೆಯಲ್ಲಿ ಒಬ್ಬರಿಗೆ ಕಲೆಯ ಹುಚ್ಚು ಹಿಡಿದರೆ ಉಳಿದವರ ಮಾನ ಆಗಾಗ ಬೀದಿಗೆ ಬರುತ್ತಲೇ ಇರುತ್ತದೆ. ಎಂಬತ್ತರ ದಶಕದಲ್ಲಿ ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದರು. ಅಲ್ಲಿ ಪಕ್ಕದ ಮನೆಯ ನೌಕಾಪಡೆ ಅಧಿಕಾರಿಯ ಹೆಂಡತಿಯಿಂದ ನನ್ನವಳು ಪುಟ್ಟ ಮಗ್ಗದ ಮೇಲೆ ಉಲ್ಲನ್ನಿನಲ್ಲಿ ಗೋಡೆಚಿತ್ರ ನೇಯುವುದನ್ನು ಕಲಿತಳು. ದಾವಣಗೆರೆ ಕಡೆಯ ನಮ್ಮ ಮಾವ ಹುಟ್ಟಿದಾಗಿನಿಂದ ಸಮುದ್ರ ಕಂಡವರಲ್ಲ. ಎಷ್ಟು ಕರೆದರೂ ಬರಲಿಲ್ಲ.

"ಅಪ್ಪ ಬರದಿದ್ರೆ ಬಿಡ್ಲಿ, ನಾನೇ ಸಮುದ್ರ ನೇಯ್ದು ತೋರಿಸ್ತೀನಿ" ಎಂದಳು ಇವಳು.

ಬಣ್ಣದ ಹುಡುಕಾಟ

ದಿನಾ ಬೆಳಿಗ್ಗೆ ದಂಡೆಯಲ್ಲಿ ನಿಂತು, ನೀಲಿ ಉಲ್ಲನ್ನಿನ ಎಳೆಗಳನ್ನು ಒಂದೊಂದಾಗಿ ಅಲೆಗಳ ಎದುರು ಹಿಡಿದು ಹೋಲಿಸುವಳು. ಚೀಲ ಹಿಡಿದು ಹಿಂದೆ ನಿಲ್ಲುವುದು ನನ್ನ ಕೆಲಸ. ಬಲೆ ಬಿಡಿಸುತ್ತಿದ್ದ ಬೆಸ್ತನೊಬ್ಬ ಬಹಳ ದಿನ ನೋಡಿ, ಕೊನೆಗೆ ತಡೆಯಲಾರದೆ ಹತ್ತಿರ ಬಂದ.

"ಈ ದಾರಾನಿಕಿ ಚೇಪಲು ಪಡವಮ್ಮಾ" ಎಂದ. ಈ ದಾರಕ್ಕೆ ಮೀನು ಬೀಳುವುದಿಲ್ಲ ತಾಯಿ, ಅಂತ.

ನಿಂತ ಮೋಡ

ಅಲೆಗಳು ಮುಗಿದವು, ಆಕಾಶ ಬಾಕಿ ಇತ್ತು. ಅಷ್ಟರಲ್ಲಿ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿ ತಾರಸಿಯಿಂದ ದೂರದಲ್ಲಿ ಒಂದು ಬಿಳಿ ಮೋಡ ದಿನವೂ ಅದೇ ಜಾಗದಲ್ಲಿ ಕಾಣುತ್ತಿತ್ತು. ಇವಳು ಖುಷಿಯಿಂದ ಅದನ್ನೂ ನೇಯ್ದಳು. ಒಂದು ದಿನ ಮೇಲಿನ ಮನೆಯವರಿಗೆ ಆ ಮೋಡವನ್ನು ತೋರಿಸಿದಳು. ಅವರು ಇಬ್ರಾಹಿಂಪಟ್ನಂ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರು.

"ಅದು ನಮ್ಮ ಚಿಮಣಿ ಹೊಗೆ ಅಮ್ಮಾ. ಆ ಮೋಡ ಏಳಿಸೋದಕ್ಕೇ ನನಗೆ ಸಂಬಳ" ಎಂದರು.

ಬಿಚ್ಚಲು ಮನಸ್ಸು ಬಾರದೆ ಹಾಗೇ ಬಿಟ್ಟಳು.

ಮಾವ ಬಂದರು

ಕೃಷ್ಣೆಯ ಸ್ನಾನಕ್ಕೆಂದು ಮಾವ ಕೊನೆಗೂ ಹೊರಟರು. ಚಿತ್ರವನ್ನು ಮಗ್ಗದಿಂದ ಬಿಡಿಸಿಟ್ಟು ಇವಳು ಸ್ಟೇಷನ್ನಿಗೆ ಹೋದಳು. ಬರುವಷ್ಟರಲ್ಲಿ ನಾನೇ ಮೊಳೆ ಹೊಡೆದು, ಮಗ್ಗದ ಮೇಲೆ ಇದ್ದ ಹಾಗೆಯೇ ಗೋಡೆಗೆ ತೂಗುಹಾಕಿದೆ.

ಇಂಥ ಚಿತ್ರಗಳನ್ನು ಮಗ್ಗದ ಮೇಲೆ ಅಡ್ಡ ಮಲಗಿಸಿ ನೇಯುವುದುಂಟಂತೆ, ತೂಗುಹಾಕುವಾಗ ತಿರುಗಿಸಬೇಕಂತೆ. ಅದು ನನಗೇನು ಗೊತ್ತು? ಈಗ ಗೋಡೆಯ ಮೇಲೆ ಅಲೆಗಳೆಲ್ಲ ಸೆಟೆದು ನಿಂತಿದ್ದವು. ಆಕಾಶ ಬಲಗಡೆಗೆ ಹೋಗಿತ್ತು.

ಒಳಗೆ ಬಂದವಳು ನನ್ನನ್ನು ನುಂಗುವ ಹಾಗೆ ನೋಡಿದಳು. ಇಷ್ಟು ವರ್ಷ ಅಪ್ಪನಿಗೆಂದೇ ನೇಯ್ದದ್ದು, ಪಾಪ, ಕಣ್ಣು ತುಂಬಿ ಬಂದಿತ್ತು. ಮಾವ ಚಿತ್ರದ ಮುಂದೆ ಬಂದು ನಿಂತರು. ಕತ್ತು ವಾಲಿಸಿ ನೋಡಿದರು. ಸಾಲದೆಂದು, ಎದುರಿನ ಮಂಚದ ಮೇಲೆ ಮಗ್ಗುಲಾಗಿ ಮಲಗಿ, ಬಹಳ ಹೊತ್ತು ನೋಡಿದರು.

"ಚೆನ್ನಾಗೈತಮ್ಮ ನಿನ್ನ ಸಮುದ್ರ" ಎಂದರು ಮಲಗಿದಲ್ಲಿಂದಲೇ. "ಆದ್ರೆ ನೋಡಾಕೆ ಬಂದೋರಿಗೆಲ್ಲ ಒಂದೊಂದು ಮಂಚ ಹಾಕ್ಸಬೇಕು ಅಂತ ಅಳಿಯಂದಿರಿಗೆ ಹೇಳು."