ಜೈಲಿನಿಂದ ನಮ್ಮ ಮಗ್ಗಕ್ಕೆ ಬಂದವ

ಮನುಷ್ಯನನ್ನು ತಿದ್ದುವುದು ದೇವರ ಕೆಲಸ ಎಂದು ನಂಬಿದವ ನಾನು. ಆದರೆ ಆತ ಒಮ್ಮೊಮ್ಮೆ ಆ ಕೆಲಸದ ಒಂದು ತುದಿಯನ್ನು ನಮ್ಮಂಥ ಸಂಸಾರಸ್ಥರ ಕೈಗೆ ಕೊಟ್ಟು, ದೂರ ಕೂತು ಮಜಾ ನೋಡುತ್ತಾನೆ. ಅಂಥ ಮನೆಯಲ್ಲಿ ನಗುವಿಗೆ ಬರ ಇರುವುದಿಲ್ಲ.

ಬನಹಟ್ಟಿಯಲ್ಲಿ ನಮ್ಮವು ನಾಲ್ಕು ಕೈಮಗ್ಗ. ಜೈಲಿನಿಂದ ಬಿಟ್ಟವರಿಗೆ ಕೆಲಸ ಹಚ್ಚಿಕೊಡುವ ಸರಕಾರಿ ಅಧಿಕಾರಿಯೊಬ್ಬರು ಒಂದು ದಿನ ಒಬ್ಬನನ್ನು ಕರೆದುಕೊಂಡು ಬಂದರು. "ಒಳಗಿದ್ದಾಗ ನೇಯ್ಗಿ ಕಲತಾನ್ರಿ, ನಡತಿ ಛಲೋ ಐತಿ. ಒಂದ ವರ್ಷ ಇಟ್ಕೋರಿ" ಎಂದರು. ಅವನ ಮೊದಲಿನ ಕಸುಬು ಕೀಲಿ ತೆಗೆಯುವುದು. ಕೀಲಿಕೈ ಇಲ್ಲದೆ, ಮಂದಿಯ ಮನೆಗಳ ಬೀಗ. ಹೆಂಡತಿ ಬೀಳಗಿ ಕಡೆ ತವರಿನಲ್ಲಿದ್ದಳು. ಅಳಿಯ ಸುಧಾರಿಸಿದ್ದಾನೆಂದು ತನ್ನ ಮನಸ್ಸಿಗೆ ಬರುವ ತನಕ ಮಗಳನ್ನು ಕಳಿಸುವುದಿಲ್ಲ ಎಂದು ಮಾವ ಹಟ ಹಿಡಿದಿದ್ದ. ಪಾಪ, ಅವನಿಗೆ ಬೇಕಾಗಿದ್ದದ್ದು ಅದೊಂದೇ: ಹೆಂಡತಿ ತಿರುಗಿ ಬರಬೇಕು.

ಪೂಜೆಯ ಗಂಟೆ

ಅವನು ಬಂದ ಮರುದಿನ ನಸುಕಿನಲ್ಲಿ ನಾನು ಪೂಜೆಗೆ ಕೂತು ಗಂಟೆ ಬಾರಿಸಿದೆ. ಹಿಂದೆ ಧಡಧಡ ಸಪ್ಪಳ. ತಿರುಗಿ ನೋಡಿದರೆ ದೇವರ ಮನೆಯ ಹೊಸ್ತಿಲ ಮುಂದೆ ಇವನು ಕುಕ್ಕರಗಾಲಿನಲ್ಲಿ ಕೂತಿದ್ದಾನೆ. ಒಂದು ಕೈಯಲ್ಲಿ ತಾಟು, ಇನ್ನೊಂದರಲ್ಲಿ ತಂಬಿಗೆ.

"ಏನಪಾ ಇದು? ಇನ್ನಾ ನೈವೇದ್ಯನ ಆಗಿಲ್ಲ" ಎಂದಳು ನನ್ನ ಮನೆಯಾಕೆ.

"ಗಂಟಿ ಆತಲ್ರಿ ಅವ್ವಾರ! ಗಂಟಿ ಆದ ಮ್ಯಾಲೆ ತಡಾ ಮಾಡಿದ್ರ ಊಟ ಸಿಗೂದಿಲ್ರಿ."

ಎಷ್ಟು ತಿಳಿಸಿ ಹೇಳಿದರೂ ಆ ರೂಢಿ ಲಗೂ ಬಿಡಲಿಲ್ಲ. ನಾನು ಸಾವಕಾಶ ಮಂತ್ರ ಹೇಳುವವ. ಕಡೆಗೊಮ್ಮೆ ಮನೆಯಾಕೆಯೇ ಒಳಗಿನಿಂದ ಕೂಗಿದಳು: "ಮಂಗಳಾರತಿ ಲಗೂ ಮುಗಸ್ರಿ. ಒಳಗ ಕುಂತ ದೇವರಕಿಂತಾ ಹೊರಗ ಕುಂತ ದೇವರ ಭಾಳ ಹಸದೈತಿ!"

ಮೊದಲ ಸೀರೆ

ಅವನ ಕೈ ನೇಯ್ಗೆಗೆ ಚಲೋ ಕುದುರಿತ್ತು. ಬಿಳಿ ಹಾಸು ಹೂಡಿ ಮಗ್ಗಕ್ಕೆ ಕೂಡಿಸಿದೆ. ಬೀಗರ ಮನೆಯ ಮದುವೆಗೆಂದು ಮುಧೋಳಕ್ಕೆ ಹೊರಟಾಗ, "ಅಂಚು ಕೆಂಪು ಇರಲಿ. ಒಡಲಿಗೆ ಹೊಕ್ಕಿನ ನೂಲು ನಿನ್ನ ಮನಸಿಗೆ ಬಂದಂಗ ಹೊಡಿ" ಎಂದು ಹೇಳಿ ಹೋದೆ.

ತಿರುಗಿ ಬರುವಷ್ಟರಲ್ಲಿ ಸೀರೆ ಮುಗಿದಿತ್ತು. ನೇಯ್ಗೆ ಹದವಾಗಿತ್ತು, ಒಂದು ಎಳೆ ಹೆಚ್ಚು ಕಮ್ಮಿ ಇರಲಿಲ್ಲ. ಆದರೆ ಬಿಳಿ ಒಡಲ ತುಂಬ ನಾಲ್ಕು ಬೆರಳಿಗೊಂದು ನೀಲಿ ಪಟ್ಟಿ! ಒಳಗಿದ್ದಾಗ ಅವನು ನೇಯ್ದದ್ದು ಕೈದಿಗಳ ಅಂಗಿಯ ಅರಿವೆ ಒಂದೇ. ಅವನ ಮನಸ್ಸಿಗೆ ಬರುವ ನಮೂನೆಯೂ ಅದೊಂದೇ.

ದೇವರ ಮೇಲೆ ಭಾರ ಹಾಕಿ ಅದನ್ನು ರಬಕವಿಯ ಸೀರೆ ವ್ಯಾಪಾರಿ ಸಾವಕಾರರ ಮುಂದೆ ಇಟ್ಟೆ. ಅವರು ಮಡಿಕೆ ಬಿಚ್ಚಿದರು, ಬೆಳಕಿಗೆ ಹಿಡಿದರು, ಸೆರಗು ತಿರುವಿ ತಿರುವಿ ನೋಡಿದರು.

"ಏನ ಹುಡಕಾಕತ್ತೀರಿ ಸಾವಕಾರ್ರ?" ಎಂದೆ.

"ಸೀರಿ ಖರೇನ ಛಲೋ ಐತ್ರಿ" ಎಂದರು. "ಕೈದಿ ನಂಬರ ಎಲ್ಲಿ ಹಾಕೀರಿ ಅಂತ ನೋಡಾಕತ್ತೇನಿ."

ಹವಾಲ್ದಾರರ ತಪಾಸಣೆ

ಅವನ ನಡತೆ ನೋಡಲು ಆಗಾಗ ಪೊಲೀಸ್ ಚೌಕಿಯಿಂದ ಹವಾಲ್ದಾರರು ಬರುತ್ತಿದ್ದರು. ಮೀಸೆ ತಿರುವಿ, "ಏನಲೇ, ನೆಟ್ಟಗ ಅದೀಯೋ ಇಲ್ಲೋ?" ಎಂದು ಓಣಿಗೆಲ್ಲ ಕೇಳುವ ಹಾಗೆ ಗದರಿಸುವುದು, ಚಹಾ ಕುಡಿಯುವುದು, ಹೋಗುವುದು.

ಒಂದು ಸಲ ಚಹಾ ಮುಗಿದರೂ ಏಳಲಿಲ್ಲ. ಆಚೆ ಈಚೆ ನೋಡಿ ಚೀಲದಿಂದ ಒಂದು ಹೊಸ ಕೀಲಿ ತೆಗೆದರು.

"ಚೌಕಿಗಿ ತಂದೇನಿ. ಗಟ್ಟಿ ಐತೇನ, ಸ್ವಲ್ಪ ನೋಡಿ ಹೇಳು" ಎಂದರು ಸಣ್ಣ ದನಿಯಲ್ಲಿ.

ಇವನು ನನ್ನ ಮುಖ ನೋಡಿದ. ನಾನು "ಹೂಂ" ಎಂದ ಮೇಲೆ ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಎರಡೂ ಕೈಯಿಂದ ಮರ್ಯಾದೆಯಿಂದ ತಿರುಗಿ ಕೊಟ್ಟ.

"ಇದ ಬ್ಯಾಡ್ರಿ ಸಾಹೇಬ್ರ. ನನ್ನ ಹಿಡದಾಗ ಚೌಕ್ಯಾಗಿನ ಲಾಕಪ್ಪಿಗೆ ಇಂಥಾದ ಇತ್ತು."

"ಇದ್ರೇನಾತೋ? ನೀ ಓಡಿ ಹೋಗಿದ್ದಿಲ್ಲಲ್ಲ?"

"ಇಲ್ರಿ. ಬರೇ ಚಾ ಕುಡದ ಬರ್ತಿದ್ನಿ."

ಬೀರಪ್ಪನ ಗುಡಿಯ ಮುಂದೆ

ವರ್ಷ ತುಂಬಿತು. ಇವನು ಸುಧಾರಿಸಿದ್ದಾನೆಂದು ಅಧಿಕಾರಿಗಳು ಬರೆದುಕೊಟ್ಟರು. ಮಾವ ಅದನ್ನು ಒಪ್ಪಲಿಲ್ಲ. "ಸರಕಾರದ ಮಾತ ನನಗ ಬ್ಯಾಡ್ರಿ. ಇನ್ನ ಮ್ಯಾಲೆ ಕೀಲಿಗೆ ಕೈ ಹಚ್ಚೂದಿಲ್ಲಂತ ಬೀರಪ್ಪನ ಭಂಡಾರದ ಅರಿಷಿಣ ಮುಟ್ಟಿ ಆಣಿ ಮಾಡ್ಲಿ, ಅಲ್ಲೇ ಮಗಳನ್ನ ಬಿಟ್ಟ ಹೋಗ್ತೀನಿ" ಎಂದ. ಹೇಳಿದ ಹಾಗೆಯೇ ಮಗಳನ್ನು ಕರೆದುಕೊಂಡು ಬಸ್ಸಿನಿಂದ ಬಂದಿಳಿದ.

ಓಣಿಯವರೆಲ್ಲ ಕೂಡಿ ಗುಡಿಗೆ ಹೋದೆವು. ಬಾಗಿಲಿಗೆ ಕೀಲಿ! ಪೂಜಾರಿ ಜಮಖಂಡಿ ಸಂತೆಗೆ ಹೋಗಿದ್ದ. ಕೀಲಿಕೈ ಅವನ ಉಡದಾರದಲ್ಲಿ.

ಎಲ್ಲರೂ ಕೀಲಿಯನ್ನು ನೋಡಿದೆವು. ಆಮೇಲೆ ಎಲ್ಲರೂ ಅವನನ್ನು ನೋಡಿದೆವು.

"ಲಗೂ ತಗೀಯೋ ಮಾರಾಯಾ, ನಿಮ್ಮ ಮಾವನ ಬಸ್ಸ ಹೋಗ್ತೈತಿ" ಎಂದರು ಹಿಂದೆ ನಿಂತ ಓಣಿಯವರು.

"ತಗದ್ರ ಹಳೇ ಚಾಳಿ ಹೋಗಿಲ್ಲಂತ ತಿಳೀತೀನಿ" ಎಂದ ಮಾವ. "ಇವತ್ತ ಆಣಿ ಆಗಲಿಲ್ಲಂದ್ರ ಕಬ್ಬಿನ ಕಟಾವ ಮುಗಿಯೂ ತನಾ ನಾ ಮತ್ತ ಬರಾಂಗಿಲ್ಲ."

ಇವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಕೀಲಿ ತಗದ ಒಳಗ ಹೋಗಿ, ಕೀಲಿ ತಗ್ಯಾಂಗಿಲ್ಲಂತ ಹ್ಯಾಂಗ ಆಣಿ ಮಾಡ್ಲಿ ಮಾವಾರ? ನಾ ಮುಟ್ಟಾಂಗಿಲ್ಲ."

"ಹಂಗಾರ ನಡೀಬೇ" ಎಂದು ಮಾವ ಚೀಲ ಹೆಗಲಿಗೆ ಹಾಕಿದ.

ಮಗಳು ಹೊರಳಲಿಲ್ಲ. ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು, ತುರುಬಿನಿಂದ ಒಂದು ಪಿನ್ನು ಕಿತ್ತಳು. ನಾವು ಹಾಂ ಹೂಂ ಅನ್ನುವಷ್ಟರಲ್ಲಿ ಕೀಲಿ ಕಟ್ಟೆಯ ಮೇಲೆ ಬಿದ್ದಿತ್ತು.



"ಇದನ್ಯಾವಾಗ ಕಲತೀಬೇ?" ಎಂದ ತಂದೆ.

"ಮದಿವ್ಯಾದ ಹೊಸದರಾಗ" ಎಂದಳು ನೆಲ ನೋಡುತ್ತ. "ಇವ್ರ ಕಲಿಸಿದ್ರು."

ಮುದುಕ ಒಳಗಿದ್ದ ಬೀರಪ್ಪನನ್ನು ನೋಡಿದ. ಚೀಲ ಕೆಳಗಿಟ್ಟು ಭಂಡಾರದ ಬಟ್ಟಲು ತಂದು ಮಗಳ ಮುಂದೆ ಹಿಡಿದ.

"ಮೊದ್ಲ ನೀ ಮುಟ್ಟಬೇ. ಅಂವಾ ವರ್ಷದಿಂದ ಸುಧಾರಸಾಕತ್ತಾನ, ನಿಂದಿನ್ನಾ ಚಾಲೂನ ಆಗಿಲ್ಲ. ಗಂಡನ ಕೂಡ ಇದ್ದ ಅದನ್ನ ಕಲಿ!"