ಬೇಟೆಗಾರರ ಶೆಡ್ಡಿಗೆ ಕರೆಂಟು

ನಾನು ವಿಚಾರವಾದಿ. ಇದನ್ನು ನಾನೇ ಹೇಳಿಕೊಳ್ಳಬೇಕು, ಏಕೆಂದರೆ ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ. ಸಿಡ್ನಿಯ ನಮ್ಮ ಕನ್ನಡ ಕೂಟದಲ್ಲಿ ಮೂಢನಂಬಿಕೆಯ ವಿರುದ್ಧ ನಲವತ್ತು ನಿಮಿಷ ಮಾತಾಡಿ, ಇಡೀ ಸಭೆಯ ಬಿಸಿಬೇಳೆಬಾತ್ ಆರಿಸಿದ ಕೀರ್ತಿ ನನ್ನದು. ಮೊಟ್ಟೆಯನ್ನು ಕೇಕಿನೊಳಗಿದ್ದರೆ ಮಾತ್ರ ಕ್ಷಮಿಸುವ ನಾನು ಒಂದು ದಿನ ಬೇಟೆಗಾರರ ಜಮೀನು ಕೊಂಡುಬಿಟ್ಟೆ. ನೆಮ್ಮದಿ ಬೇಕಿತ್ತು ನೋಡಿ. ಕೆಲ್ಲಿವಿಲ್‌ನ ನಮ್ಮ ಮನೆಯಿಂದ ಮೂರೂವರೆ ಗಂಟೆ ಕಾರಿನ ದಾರಿ, ಕುರುಚಲು ಗುಡ್ಡ, ಒಂದು ತಗಡಿನ ಶೆಡ್ಡು. ಒಳಗೆ ಗೋಡೆ ತುಂಬ ಜಿಂಕೆಯ ಕೊಂಬುಗಳು, ತೊಲೆಗೆ ಸಾಲಾಗಿ ಕಬ್ಬಿಣದ ಕೊಕ್ಕೆಗಳು. ಕೊಕ್ಕೆಗೆ ಏನು ನೇತುಹಾಕುತ್ತಿದ್ದರು ಎಂದು ಹೆಂಡತಿ ಸುಧಾ ಕೇಳಿದಾಗ ಕೋಟು ಎಂದೆ.

ಕರೆಂಟು ಇರಲಿಲ್ಲ. ಬೇಟೆಗಾರರು ಜನರೇಟರ್‌ನಲ್ಲೇ ಕಾಲ ಕಳೆದಿದ್ದರು. ನಾನು ಅರ್ಜಿ ಹಾಕಿದ್ದೆ, ಅವಸರವಿರಲಿಲ್ಲ, ಆದರೆ ಮೈಸೂರಿನಿಂದ ನಮ್ಮ ಅತ್ತೆ ಬಂದಿದ್ದರು. ಕೆಲ್ಲಿವಿಲ್ ಮನೆಯ ಗೃಹಪ್ರವೇಶಕ್ಕೆ ಅವರಿಗೆ ವೀಸಾ ಸಿಕ್ಕಿರಲಿಲ್ಲ. ಆ ಕೊರಗು ಹಾಗೇ ಉಳಿದಿತ್ತು. ಊರಿಗೆ ಹೊರಡುವ ಮುಂಚೆ ಮಗಳ ಹೊಸ ಜಾಗದಲ್ಲಾದರೂ ಹಾಲು ಉಕ್ಕುವುದನ್ನು ಕಣ್ಣಾರೆ ನೋಡಬೇಕು ಅನ್ನುವುದೊಂದೇ ಅವರ ಆಸೆ. ಸೋಮವಾರ ಅವರ ಫ್ಲೈಟು, ಶನಿವಾರ ಹಾಲುಕ್ಕಿಸುವುದು ಎಂದು ನಿಶ್ಚಯವಾಯಿತು. ಬೇಸಿಗೆ, ಕಾಡ್ಗಿಚ್ಚಿನ ಭಯಕ್ಕೆ ಸೌದೆ ಒಲೆ ಹಚ್ಚುವಂತಿಲ್ಲ. ಒಂದು ಸಣ್ಣ ಗ್ಯಾಸ್ ಒಲೆ ಒಯ್ದರೆ ಸಾಲದೇ ಎಂದಳು ಸುಧಾ. ಎಂಟು ತಿಂಗಳಿಂದ ಕರೆಂಟಿಗಾಗಿ ಓಡಾಡಿದ ಗಂಡಸಿನ ಮುಂದೆ ಆಡುವ ಮಾತೇ ಅದು? ಇಂಡಕ್ಷನ್ ಒಲೆಯ ಮೇಲೇ ಉಕ್ಕಿಸುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟುಬಿಟ್ಟೆ.

ಆ ಎಂಟು ತಿಂಗಳ ಕಥೆ ಏನು ಕೇಳುತ್ತೀರಿ! ಊರಲ್ಲಾಗಿದ್ದರೆ ಲೈನ್‌ಮನ್ ಯಾರ ಕಡೆಯವನು ಎಂದು ವಿಚಾರಿಸಿದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಇಲ್ಲಿ ಲೈನ್‌ಮನ್ ಕಣ್ಣಿಗೆ ಬೀಳಬೇಕಾದರೆ ಮೊದಲು ಮೆಲ್ಬರ್ನಿನಲ್ಲಿ ಕೂತ ಕರೆಂಟು ಕಂಪನಿಯ ಹುಡುಗಿಯೊಬ್ಬಳ ಜೊತೆ ಫೋನಿನಲ್ಲಿ ಸಂಸಾರ ಮಾಡಬೇಕು. ಅವಳು ಬೀದಿ ನಂಬರ್ ಕೇಳಿದಳು. ಬೀದಿಯೇ ಇಲ್ಲ ಎಂದೆ. ಹಾಗಿದ್ದರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ ಎಂದಳು. ಯಾವ ಯಾವ ಯಂತ್ರ ಬಳಸುತ್ತೀರಿ ಎಂದು ಕೇಳಿದಾಗ ಗ್ರೈಂಡರ್ ಎಂದೆ. ಬೇಟೆ ಜಮೀನಲ್ಲವೇ, ಯಾವ ಮಾಂಸ ಅರೆಯುತ್ತೀರಿ ಎಂದಳು. ಉದ್ದು ಎಂದೆ. ಅದು ಯಾವ ಪ್ರಾಣಿ ಎಂದು ಬಹಳ ಸೌಜನ್ಯದಿಂದ ವಿಚಾರಿಸಿದಳು. ಅಂತೂ ಕಂಬ ನೆಟ್ಟರು, ವೈರ್ ಎಳೆದರು, ಮೀಟರ್ ಕೂರಿಸಿ ಲೈನ್ ಕೊಡಲು ಶುಕ್ರವಾರ ಎಂಟರಿಂದ ನಾಲ್ಕರೊಳಗೆ ಜನ ಬರುತ್ತಾರೆ ಎಂದರು.

ಮ್ಯಾಕ್ವೆರಿ ಪಾರ್ಕಿನ ಆಫೀಸಿಗೆ ರಜೆ ಹಾಕಿ ಶುಕ್ರವಾರ ಒಬ್ಬನೇ ಹೋಗಿ ಕಾದೆ. ಬೇಲಿಯಾಚೆ ಪಕ್ಕದ ಜಮೀನಿನ ಡಗ್ ನಿಂತಿದ್ದ. ಎಪ್ಪತ್ತು ದಾಟಿದ ಬೇಟೆಗಾರ. ಲಾರಿ ಬಂದಾಗ ಹತ್ತೂ ನಲವತ್ತು.

ಇಲ್ಲಿ ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ನನಗೆ ನಂಬಿಕೆ ಇಲ್ಲ, ಖಂಡಿತ ಇಲ್ಲ. ಆದರೆ ಅತ್ತೆಗೆ ಇರಬಹುದಲ್ಲ? ಹಿರಿಯರ ಮನಸ್ಸು ನೋಯಬಾರದಲ್ಲ? ಹೀಗೆ ಉದಾತ್ತವಾಗಿ ಯೋಚಿಸಿ, ಹನ್ನೆರಡರವರೆಗೆ ಕಾಯಲು ಸಾಧ್ಯವೇ ಎಂದು ಲೈನ್‌ಮನ್‌ನನ್ನು ಕೇಳಿದೆ. ಯಾಕೆ ಎಂದ. ಈಗ ಕೆಟ್ಟ ಸಮಯ, ನಮ್ಮ ಆಫೀಸಿನಲ್ಲಿ ಶುಕ್ರವಾರ ಹೊಸ ಸಾಫ್ಟ್‌ವೇರ್ ಬಿಡುವುದಿಲ್ಲ, ಇದೂ ಹಾಗೇ ಎಂದು ವಿವರಿಸಿದೆ. ಅವನು ತಲೆಯಾಡಿಸಿ, ಪರವಾಗಿಲ್ಲ ಎಂದು ನಕ್ಕು, ಕೈಯಲ್ಲಿದ್ದ ಟ್ಯಾಬ್ಲೆಟ್‌ನಲ್ಲಿ ‘ಗ್ರಾಹಕ ಸಿದ್ಧನಿಲ್ಲ’ ಎಂದು ಒತ್ತಿ ಲಾರಿ ಹತ್ತಿದ. ಹಿಂದೆ ಓಡಿದೆ. ಧೂಳು ಸಿಕ್ಕಿತು. ಫೋನ್ ಮಾಡಿದರೆ, ಇನ್ನು ಮೂರು ವಾರದ ನಂತರ ಎಂದಳು ಮೆಲ್ಬರ್ನ್ ಹುಡುಗಿ.

ಮನೆಗೆ ಬಂದು, ಅವರು ಬರಲೇ ಇಲ್ಲ, ಈ ದೇಶದ ಹಣೆಬರಹವೇ ಇಷ್ಟು ಎಂದು ರೇಗಾಡಿದೆ. ಅತ್ತೆ ಮಾತ್ರ, ಜಾಗವನ್ನಾದರೂ ನೋಡಿಬರೋಣ ಎಂದು ಶನಿವಾರ ಹಾಲಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು ಕಾರಲ್ಲಿ ಕೂತರು. ಶೆಡ್ಡಿನ ಮುಂದೆ ಇಳಿದದ್ದೇ ತಡ, ಬೇಲಿಯಾಚೆಯ ಡಗ್ ಬಂದು, ನಿನ್ನೆ ನಿನ್ನ ಗಂಡ ಲಾರಿ ಯಾಕೆ ವಾಪಸ್ ಕಳಿಸಿದ, ಏನೋ ಕೆಟ್ಟ ಸಮಯ ಅಂತಿದ್ದನಲ್ಲ ಎಂದು ಸುಧಾಳನ್ನು ಕೇಳಿದ. ಸುಧಾ ನನ್ನ ಮುಖ ನೋಡಿದಳು. ಆಮೇಲೆ ಅದನ್ನು ತಾಯಿಗೆ ಕನ್ನಡದಲ್ಲಿ ಹೇಳಿದಳು, ಒಂದಕ್ಷರ ಬಿಡದೆ.

ಅತ್ತೆ ಪಾತ್ರೆ ಕೆಳಗಿಟ್ಟರು. “ಅಲ್ಲ ಅಳಿಯಂದಿರೇ, ಮೈಸೂರಲ್ಲಿ ಹೋದ ಕರೆಂಟು ವಾಪಸ್ ಬಂದಾಗ ನಾವು ಯಾವತ್ತಾದ್ರೂ ರಾಹುಕಾಲ ನೋಡಿದ್ದುಂಟಾ?”

ಸುಧಾಳಿಂದ ವಿಷಯ ತಿಳಿದ ಡಗ್ ಜಿಂಕೆ ಮಾಂಸ ಬೇಯಿಸುವ ತನ್ನ ಗ್ಯಾಸ್ ಒಲೆ ತಂದು ಶೆಡ್ಡಿನೊಳಗಿಟ್ಟ. ಅತ್ತೆ ಅದಕ್ಕೆ ಅರಿಸಿನ ಕುಂಕುಮ ಇಟ್ಟರು. ಕೊಕ್ಕೆಗಳ ಕೆಳಗೆ ಹಾಲು ಉಕ್ಕಿತು, ಅತ್ತೆ ಕಣ್ಣೊರೆಸಿಕೊಂಡರು, ಡಗ್ ಟೋಪಿ ತೆಗೆದು ನಿಂತ. ಸಮಯ ನೋಡಿದೆ. ಒಂಬತ್ತೂವರೆ, ಶನಿವಾರದ ರಾಹುಕಾಲ ನಡೆಯುತ್ತಿತ್ತು. ಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡೆ.

ಮೂರು ವಾರದ ಮೇಲೆ ಕರೆಂಟು ಬಂತು. ಮೊನ್ನೆ ಕನ್ನಡ ಕೂಟದವರು ಫೋನ್ ಮಾಡಿ, ಈ ವರ್ಷವೂ ವೈಚಾರಿಕತೆಯ ಬಗ್ಗೆ ನೀವೇ ಮಾತಾಡಬೇಕು ಎಂದರು. ಗ್ರಾಹಕ ಇನ್ನೂ ಸಿದ್ಧನಿಲ್ಲ ಎಂದು ಹೇಳಿ ಫೋನ್ ಇಟ್ಟೆ.